ಅರ್ಬಾನಾದಲ್ಲಿ ಮಗಳಿಗೊಂದು ಕೋಣೆ

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್.ಗೆ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡಬೇಕು. ಓದಿಗೆ ಬ್ಯಾಂಕ್ ಸಾಲ ಮಾಡಿದ್ದೇವೆ. ವಿಶ್ವವಿದ್ಯಾಲಯದ ಹಾಸ್ಟೆಲ್ ದುಬಾರಿ, ಹೊರಗೆ ನಾಲ್ವರು ಸೇರಿ ಮನೆ ಮಾಡಿದರೆ ಅಗ್ಗ ಎಂದು ಅವಳ ಸ್ನೇಹಿತೆಯರು ಹೇಳುತ್ತಾರೆ. ಹೊಸ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಳ್ಳೆಯ ಕೋಣೆಯ ಫೋಟೊ ಹಾಕಿ, 900 ಡಾಲರ್ ಈಗಲೇ ಕಳಿಸಿದರೆ ಹಿಡಿದಿಡುತ್ತೇನೆ ಎಂದಿದ್ದಾರೆ. ಮನೆ ಮಾಲೀಕರಿಗೆ ಅಮೆರಿಕದಲ್ಲಿರುವವರ ಜಾಮೀನು ಬೇಕಂತೆ. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ, ಕೇಳಬಹುದೇ? ನಾವು ಸಸ್ಯಾಹಾರಿಗಳು, ಅಡುಗೆಗೆ ಏನು ಮಾಡುವುದು? ಮೊದಲ ಸಲ ನಾವೂ ಜೊತೆಗೆ ಹೋಗಿ ಬಿಟ್ಟು ಬರಬೇಕೇ?
— ಹಾಸನದ ಓದುಗರೊಬ್ಬರು

ಉತ್ತರ: ಮೊದಲು ಆ 900 ಡಾಲರ್ ವಿಷಯ. ಕಳಿಸಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ.

ಆ ವ್ಯಕ್ತಿ ಮೋಸಗಾರನೇ ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕ ಹಳೆಯ ವಿದ್ಯಾರ್ಥಿಯೂ ಆಗಿರಬಹುದು. ತನ್ನ ಕರಾರು ಮುಗಿಯುವ ಮೊದಲೇ ಊರು ಬಿಡಬೇಕಾಗಿ ಬಂದು, ಆ ಕೋಣೆಯನ್ನು ಇನ್ನೊಬ್ಬರಿಗೆ ವಹಿಸಲು ಹುಡುಕುತ್ತಿರಬಹುದು. ಅದು ಅಲ್ಲಿ ದಿನನಿತ್ಯದ ವ್ಯವಹಾರ, ಅದಕ್ಕೆ ಸಬ್‌ಲೀಸ್ ಎನ್ನುತ್ತಾರೆ. ಆದರೆ ಪ್ರಾಮಾಣಿಕನಾದವನಿಗೆ ಮೂರು ಕೆಲಸ ಕಷ್ಟವಲ್ಲ. ಒಂದು, ಬೀದಿಯಲ್ಲಿ ನಿಂತು ವೀಡಿಯೊ ಕರೆ ಮಾಡಿ, ಮನೆಯ ನಂಬರು ತೋರಿಸಿ, ಬೀಗ ತೆಗೆದು, ಕೋಣೆಯವರೆಗೆ ನಡೆದು ಹೋಗುವುದು. ಎರಡು, ತಾನು ಮಾಲೀಕರೊಡನೆ ಮಾಡಿಕೊಂಡ ಕರಾರನ್ನೂ, ಮರುಬಾಡಿಗೆಗೆ ಅವರು ಕೊಟ್ಟ ಲಿಖಿತ ಒಪ್ಪಿಗೆಯನ್ನೂ ಕಳಿಸುವುದು. ಮೂರು, ನಿಮ್ಮ ಮಗಳು ಮಾಲೀಕರ ಕಚೇರಿಗೆ ನೇರವಾಗಿ ಫೋನ್ ಮಾಡುತ್ತೇನೆ ಎಂದಾಗ ಬೇಸರಪಡದೆ ಇರುವುದು. ಫೋನ್ ನಂಬರನ್ನು ಅವನಿಂದ ಪಡೆಯಬಾರದು, ಅವಳೇ ಹುಡುಕಬೇಕು. ಶಾಂಪೇನ್ ಕೌಂಟಿಯ ಆಸ್ತಿ ದಾಖಲೆಗಳು ಸಾರ್ವಜನಿಕ. ವಿಳಾಸ ಹಾಕಿದರೆ ಕಟ್ಟಡ ಯಾರ ಹೆಸರಿನಲ್ಲಿದೆ ಎಂದು ಹಾಸನದಲ್ಲಿ ಕುಳಿತೇ ನೋಡಬಹುದು. ‘ಬೇರೆ ಐದು ಜನ ಕೇಳುತ್ತಿದ್ದಾರೆ, ಇವತ್ತು ರಾತ್ರಿಯೊಳಗೆ ಹೇಳಿ’ ಎಂಬ ಮಾತು ಬಂದರೆ ಅಲ್ಲಿಗೆ ಕೈ ಮುಗಿಯಿರಿ. ಬ್ಯಾಂಕಿನಿಂದ ನೇರ ವರ್ಗಾವಣೆ ಮಾಡಿದ ಹಣ ಹೋದರೆ ಹೋಯಿತು, ವಾಪಸು ತರುವ ದಾರಿ ಬಹುತೇಕ ಇಲ್ಲ.

ಅಮೆರಿಕದ ಮಧ್ಯಪಶ್ಚಿಮದ ಒಂದು ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವಸತಿ ಸಲಹೆಗಾರನಾಗಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ಒಂದು ಆಗಸ್ಟ್‌ನ ಸಂಜೆ ಬಳ್ಳಾರಿ ಕಡೆಯ ಹುಡುಗನೊಬ್ಬ ಎರಡು ದೊಡ್ಡ ಸೂಟ್‌ಕೇಸಿನೊಂದಿಗೆ ನನ್ನ ಕಚೇರಿಗೆ ಬಂದು ನಿಂತ. ಅವನು ಹಣ ಕಟ್ಟಿದ್ದ ವಿಳಾಸ ನಿಜ, ಮನೆ ನಿಜ, ಫೋಟೊದಲ್ಲಿದ್ದ ಹಸಿರು ಬಾಗಿಲೂ ನಿಜ. ಬಾಗಿಲು ತೆಗೆದವರು ಮಾತ್ರ ಹನ್ನೆರಡು ವರ್ಷದಿಂದ ಅಲ್ಲೇ ಇದ್ದ ಒಬ್ಬ ಅಜ್ಜಿ. ಆಕೆ ಪಾಪ, ಅವನಿಗೆ ನೀರು ಕೊಟ್ಟು, ಬಸ್ ಹತ್ತಿಸಿ ನನ್ನಲ್ಲಿಗೆ ಕಳಿಸಿದ್ದರು. ಅವನ ತಂದೆಗೆ ಆ ರಾತ್ರಿ ಫೋನ್ ಮಾಡಿ ವಿಷಯ ತಿಳಿಸಿದ್ದು ನಾನು. ಅಂಥ ಫೋನ್ ನಿಮಗೆ ಬರುವುದು ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಕೋಣೆಯ ಬಗ್ಗೆ ಕೇಳಿದ್ದೀರಿ. ಅಲ್ಲಿ ಬಾಡಿಗೆಗೆ ಹಿಡಿಯುವುದು ಕೋಣೆಯನ್ನಲ್ಲ, ಒಂದು ಕಾಗದವನ್ನು. ಕಾಗದದ ಸ್ವಭಾವ ತಿಳಿದರೆ ಯಾವ ಕೋಣೆ ಅಗ್ಗ, ಯಾವುದು ದುಬಾರಿ ಎಂಬುದು ತಾನಾಗಿಯೇ ತಿಳಿಯುತ್ತದೆ.

‘ಲೀಸ್’ ಎಂಬ ಪದವೇ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಕರ್ನಾಟಕದಲ್ಲಿ ಮನೆಯನ್ನು ಲೀಸಿಗೆ ಹಾಕಿಕೊಳ್ಳುವುದು ಎಂದರೆ ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಆ ದುಡ್ಡು ಹಿಂದಕ್ಕೆ ಪಡೆಯುವುದು. ಬಾಡಿಗೆ ಎಂದರೆ ಹನ್ನೊಂದು ತಿಂಗಳ ಕರಾರುಪತ್ರ; ಅದರಲ್ಲಿ ಏನೇ ಬರೆದಿರಲಿ, ಒಂದೆರಡು ತಿಂಗಳು ಮುಂಚೆ ಹೇಳಿ, ಪೇಂಟಿಂಗ್ ದುಡ್ಡು ಅಡ್ವಾನ್ಸಿನಲ್ಲಿ ಮುರಿದುಕೊಂಡು, ಹೊರಟುಬಿಡುತ್ತೇವೆ. ಅಲ್ಲಿ ಲೀಸ್ ಎಂದರೆ ಹನ್ನೆರಡು ತಿಂಗಳ ಬಾಡಿಗೆಯ ಸಾಲ. ಸಹಿ ಹಾಕಿದ ಕ್ಷಣದಲ್ಲಿ ಇಡೀ ವರ್ಷದ ಮೊತ್ತಕ್ಕೆ ನಿಮ್ಮ ಮಗಳು ಹೊಣೆಯಾಗುತ್ತಾಳೆ. ಅದನ್ನು ತಿಂಗಳ ಕಂತಿನಲ್ಲಿ ತೀರಿಸುತ್ತಾಳೆ, ಅಷ್ಟೆ. ‘ಒಂದು ತಿಂಗಳು ಮುಂಚೆ ಹೇಳಿ ಬಿಡುತ್ತೇನೆ’ ಎಂಬುದು ಅಲ್ಲಿ ನಡೆಯುವುದಿಲ್ಲ. ನಡುವೆ ಬಿಟ್ಟು ಹೋದರೆ ಬೇರೆ ಬಾಡಿಗೆದಾರರನ್ನು ಹುಡುಕಲು ಮಾಲೀಕರೂ ತಕ್ಕಮಟ್ಟಿಗೆ ಪ್ರಯತ್ನಿಸಬೇಕು ಎಂದು ಇಲಿನಾಯ್ ಕಾನೂನು ಹೇಳುತ್ತದೆ, ನಿಜ. ಅವರು ಸಿಗುವವರೆಗಿನ ಬಾಡಿಗೆ ಮಾತ್ರ ಅವಳ ತಲೆಯ ಮೇಲೆಯೇ.

ಇನ್ನು ಆ ಊರಿನ ರೀತಿ. ಅರ್ಬಾನಾ ಮತ್ತು ಶಾಂಪೇನ್ ಅಂಟಿಕೊಂಡ ಅವಳಿ ಊರುಗಳು, ಶಿಕಾಗೊದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರ್. ಎರಡೂ ಸೇರಿದರೆ ಜನಸಂಖ್ಯೆ ಹೆಚ್ಚುಕಡಿಮೆ ನಿಮ್ಮ ಹಾಸನದಷ್ಟೇ, ಸುತ್ತ ಕಣ್ಣು ಹಾಯುವವರೆಗೂ ಮೆಕ್ಕೆಜೋಳ ಮತ್ತು ಸೋಯಾ ಹೊಲ. ಅಂಥ ಊರಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತುಂಬಿಕೊಂಡಿದ್ದಾರೆ. ಹಾಗಾಗಿ ಬಾಡಿಗೆ ಮಾರುಕಟ್ಟೆ ಇಡಿಯಾಗಿ ಓದಿನ ಕ್ಯಾಲೆಂಡರಿಗೆ ಕಟ್ಟಿಕೊಂಡಿದೆ. ಬಹುಪಾಲು ಕರಾರುಗಳು ಆಗಸ್ಟ್‌ನಲ್ಲೇ ಶುರುವಾಗಿ ಮುಂದಿನ ಆಗಸ್ಟ್‌ಗೇ ಮುಗಿಯುತ್ತವೆ. ಒಳ್ಳೆಯ ಮನೆಗಳಿಗೆ ಹಿಂದಿನ ವರ್ಷದ ಚಳಿಗಾಲಕ್ಕೂ ಮುಂಚೆಯೇ ಸಹಿ ಬಿದ್ದಿರುತ್ತದೆ. ಈಗ ಉಳಿದಿರುವುದು ಒಂದೋ ದುಬಾರಿಯದು, ಇಲ್ಲವೇ ದೂರದ್ದು, ಇಲ್ಲವೇ ಯಾರೋ ಕೈಬಿಟ್ಟದ್ದು. ಬೇಸಿಗೆಯಲ್ಲಿ, ಎಂದರೆ ಮೇ ಮಧ್ಯದಿಂದ ಆಗಸ್ಟ್‌ವರೆಗೆ, ಊರು ಖಾಲಿ. ಎಲ್ಲರೂ ತಮ್ಮ ಕೋಣೆಯನ್ನು ಮರುಬಾಡಿಗೆಗೆ ಕೊಡಲು ಹೊರಡುವುದರಿಂದ ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಸ್ಟೆಲ್ ಲೆಕ್ಕ ನೋಡಿ. ಪದವಿ ಓದಲು ಹೊಸದಾಗಿ ಸೇರುವ ಮಕ್ಕಳು ಮೊದಲು ವಿಶ್ವವಿದ್ಯಾಲಯದ ವಸತಿಯಲ್ಲೋ ಅದು ಮಾನ್ಯ ಮಾಡಿದ ಖಾಸಗಿ ವಸತಿಯಲ್ಲೋ ಇರಲೇಬೇಕೆಂಬ ನಿಯಮ ಅಲ್ಲಿದೆ. ಎಂ.ಎಸ್. ವಿದ್ಯಾರ್ಥಿಗಳಿಗೆ ಆ ಕಟ್ಟುಪಾಡು ಇಲ್ಲ. ಅವರಿಗೆಂದು ಶರ್ಮನ್ ಹಾಲ್, ಡ್ಯಾನಿಯಲ್ಸ್ ಹಾಲ್ ಎಂಬ ಎರಡು ಕಟ್ಟಡಗಳಿವೆ; ಸಂಸಾರಸ್ಥರಿಗೆ ದಕ್ಷಿಣದಲ್ಲಿ ಆರ್ಚರ್ಡ್ ಡೌನ್ಸ್. ನಿಮ್ಮ ಮಗಳ ತರಗತಿಗಳು ಹೆಚ್ಚಾಗಿ ಗುಡ್ವಿನ್ ಅವೆನ್ಯೂದ ಸೀಬೆಲ್ ಸೆಂಟರ್‌ನಲ್ಲಿ ನಡೆಯುತ್ತವೆ. ಡ್ಯಾನಿಯಲ್ಸ್ ಹಾಲ್ ಇರುವುದು ಅರ್ಬಾನಾ ಕಡೆಯ ಗ್ರೀನ್ ಸ್ಟ್ರೀಟ್‌ನಲ್ಲಿ, ಅಲ್ಲಿಂದ ನಡೆದೇ ಹೋಗಬಹುದು. ಹಾಸ್ಟೆಲ್ ಕೋಣೆಯಲ್ಲಿ ಮಂಚ, ಮೇಜು, ಕುರ್ಚಿ ಇರುತ್ತವೆ. ವಿದ್ಯುತ್, ನೀರು, ಬಿಸಿ ಗಾಳಿ, ಇಂಟರ್ನೆಟ್ ಎಲ್ಲ ಬಾಡಿಗೆಯಲ್ಲೇ ಸೇರಿರುತ್ತವೆ. ಕರಾರು ಓದಿನ ವರ್ಷಕ್ಕೆ ಮಾತ್ರ, ಸುಮಾರು ಒಂಬತ್ತು ತಿಂಗಳು.

ಲೆಕ್ಕಕ್ಕೆಂದು ನಾನೇ ಎರಡು ಅಂಕಿ ಇಟ್ಟು ತೋರಿಸುತ್ತೇನೆ. ಇವು ಈ ವರ್ಷದ ದರಗಳಲ್ಲ. ಹಾಸ್ಟೆಲ್ ತಿಂಗಳಿಗೆ 950 ಡಾಲರ್ ಎಂದುಕೊಳ್ಳಿ. ಒಂಬತ್ತು ತಿಂಗಳಿಗೆ 8,550. ಹೊರಗೆ ನಾಲ್ವರ ಮನೆಯಲ್ಲಿ ಅವಳ ಪಾಲು 650 ಎಂದುಕೊಳ್ಳಿ, ಮುನ್ನೂರು ಡಾಲರ್ ಉಳಿಯಿತೆಂದು ಅವಳ ಸ್ನೇಹಿತೆಯರು ಹೇಳುತ್ತಾರೆ. ಆದರೆ ಅದು ಹನ್ನೆರಡು ತಿಂಗಳ ಬಾಬತ್ತು, 7,800 ಆಯಿತು. ವಿದ್ಯುತ್, ಇಂಟರ್ನೆಟ್ ಇತ್ಯಾದಿಗೆ ತಿಂಗಳಿಗೆ 80 ಸೇರಿಸಿದರೆ ಇನ್ನೊಂದು 960. ಹಾಸಿಗೆ, ಮೇಜು, ಪಾತ್ರೆಗೆ ಮುನ್ನೂರು. ಒಟ್ಟು 9,060. ಮೊದಲ ಬೇಸಿಗೆಯಲ್ಲಿ ಅವಳಿಗೆ ಸಿಯಾಟಲ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇಂಟರ್ನ್‌ಶಿಪ್ ಸಿಕ್ಕಿತೆನ್ನಿ, ಸಿಗಲೆಂದೇ ಎಲ್ಲರ ಆಸೆ. ಆಗ ಅಲ್ಲಿ ಬಾಡಿಗೆ ಕಟ್ಟುತ್ತಾ, ಅರ್ಬಾನಾದ ಖಾಲಿ ಕೋಣೆಗೂ ಕಟ್ಟಬೇಕು. ಅಗ್ಗದ ಕೋಣೆ ಎಲ್ಲಿ ಉಳಿಯಿತು?

ಎರಡು ವರ್ಷ ಅದೇ ಊರಿನಲ್ಲಿ ಬೇಸಿಗೆಯನ್ನೂ ಕಳೆಯುವವರಿಗೆ, ಉದಾಹರಣೆಗೆ ಪಿಎಚ್.ಡಿ. ಮಾಡುವವರಿಗೆ, ಹೊರಗಿನ ಮನೆ ನಿಜವಾಗಿ ಅಗ್ಗ. ನಿಮ್ಮ ಮಗಳಿಗೆ ಮೊದಲ ವರ್ಷ ಹಾಸ್ಟೆಲ್ ಎಂದೇ ನನ್ನ ಸಲಹೆ. ಅಲ್ಲಿದ್ದುಕೊಂಡು ಅಕ್ಟೋಬರಿನಲ್ಲಿ ಊರು ನೋಡಲಿ, ಯಾರ ಜೊತೆ ಅಡುಗೆಮನೆ ಹಂಚಿಕೊಳ್ಳಲು ಸಾಧ್ಯ ಎಂದು ತಿಳಿಯಲಿ, ಎರಡನೆಯ ವರ್ಷಕ್ಕೆ ಹೊರಗೆ ಸಹಿ ಹಾಕಲಿ. ಅರ್ಜಿಯನ್ನು ಮಾತ್ರ ಈ ವಾರವೇ ಹಾಕಿಸಿ. ಒಪ್ಪಂದದಲ್ಲಿ ಎರಡು ವಿಷಯ ಹುಡುಕಿ ಓದಿ: ಊಟದ ಯೋಜನೆ ಕಡ್ಡಾಯವೇ ಎಂಬುದು ಒಂದು, ಡಿಸೆಂಬರ್-ಜನವರಿಯ ರಜೆಯಲ್ಲಿ ಕಟ್ಟಡ ತೆರೆದಿರುತ್ತದೆಯೇ ಎಂಬುದು ಇನ್ನೊಂದು. ಪದವಿ ವಿದ್ಯಾರ್ಥಿಗಳ ಎಷ್ಟೋ ಹಾಸ್ಟೆಲ್‌ಗಳು ಆ ರಜೆಯಲ್ಲಿ ಬೀಗ ಹಾಕುತ್ತವೆ. ಅಮೆರಿಕದ ಮಕ್ಕಳು ಮನೆಗೆ ಹೋಗುತ್ತಾರೆ. ನಮ್ಮವರು ಎಲ್ಲಿಗೆ ಹೋಗಬೇಕು?

ಹಾಸ್ಟೆಲ್ ಸಿಗದೆ ಹೋದರೆ? ಆಗ ಹೊರಗಿನ ಮನೆಯೇ, ಚಿಂತೆ ಬೇಡ. ಆದರೆ ಕಾಗದ ಎರಡು ಜಾತಿಯದು ಎಂದು ನೆನಪಿಡಿ. ಒಂದರಲ್ಲಿ ಪ್ರತಿಯೊಬ್ಬರಿಗೂ ಅವರವರ ಕೋಣೆಗೆ ಪ್ರತ್ಯೇಕ ಕರಾರು; ಪಕ್ಕದವಳು ಬಾಡಿಗೆ ಕಟ್ಟದಿದ್ದರೆ ಅದು ಅವಳ ತಲೆನೋವು. ಇನ್ನೊಂದರಲ್ಲಿ ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕುತ್ತಾರೆ, ಇಡೀ ಮನೆಗೆ ಎಲ್ಲರೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ. ಒಬ್ಬಳು ಸಂಕ್ರಾಂತಿಗೆ ಊರಿಗೆ ಬಂದು ಮದುವೆ ನಿಶ್ಚಯವಾಗಿ ಹಿಂದಿರುಗದಿದ್ದರೆ, ಅವಳ ಪಾಲು ಉಳಿದ ಮೂವರ ಮೇಲೆ. ಇದು ಕಟ್ಟುಕಥೆಯಲ್ಲ, ನಾನೇ ಕುಳಿತು ಬಗೆಹರಿಸಿದ ಜಗಳ. ಹೊಸಬರಿಗೆ ಮೊದಲನೆಯ ಬಗೆಯೇ ಕ್ಷೇಮ.

ಸಹಿಗೆ ಮುಂಚೆ ಕಾಗದವನ್ನು ಓದಿ ಹೇಳುವವರೂ ಅಲ್ಲಿದ್ದಾರೆ. ಆಫ್-ಕ್ಯಾಂಪಸ್ ಕಮ್ಯುನಿಟಿ ಲಿವಿಂಗ್ ಎಂಬ ವಿಶ್ವವಿದ್ಯಾಲಯದ ಕಚೇರಿಯ ಕೆಲಸವೇ ಅದು. ಬಾಡಿಗೆ ಕರಾರನ್ನು ಕಳಿಸಿದರೆ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತೀರಿ ಎಂದು ಗುರುತು ಮಾಡಿ ಕೊಡುತ್ತಾರೆ. ನಮ್ಮ ಮಕ್ಕಳು ಇದನ್ನು ಬಳಸುವುದೇ ಕಡಿಮೆ. ಗುಂಪಿನಲ್ಲಿ ಯಾವನೋ ಸೀನಿಯರ್ ‘ಎಲ್ಲ ಸ್ಟ್ಯಾಂಡರ್ಡ್, ಸಹಿ ಹಾಕು’ ಎಂದರೆ ಹಾಕಿಬಿಡುತ್ತಾರೆ.

ಜಾಮೀನಿನ ಮಾತು. ಬೆಂಗಳೂರಿನಲ್ಲಿ ಮನೆ ಕೇಳಲು ಹೋದರೆ ‘ನೀವು ಯಾವ ಜನ, ವೆಜ್ಜಾ ನಾನ್‌ವೆಜ್ಜಾ’ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರಲ್ಲ, ಅಲ್ಲಿ ಹಾಗೆ ಕೇಳುವಂತಿಲ್ಲ. 1968ರ ವಸತಿ ಕಾನೂನಿನ ಪ್ರಕಾರ ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವುದು ಕಾನೂನುಬಾಹಿರ. ಅವರು ನೋಡುವ ಜಾತಿ ಬೇರೆ, ಅದರ ಹೆಸರು ಕ್ರೆಡಿಟ್ ಸ್ಕೋರ್. ಸಾಲ ಮಾಡಿ ತೀರಿಸಿದ ಇತಿಹಾಸ ಇರಬೇಕು. ನಿನ್ನೆ ವಿಮಾನ ಇಳಿದವಳಿಗೆ ಅದು ಎಲ್ಲಿಂದ ಬರಬೇಕು? ಹಾಗಾಗಿ ಅಮೆರಿಕದಲ್ಲಿ ಆದಾಯವಿರುವ ಒಬ್ಬರು ಜೊತೆಗೆ ಸಹಿ ಹಾಕಲಿ ಎನ್ನುತ್ತಾರೆ. ನಿಮ್ಮ ತಮ್ಮನನ್ನು ಕೇಳಬಹುದು, ಆದರೆ ಏನು ಕೇಳುತ್ತಿದ್ದೀರಿ ಎಂದು ತಿಳಿದು ಕೇಳಿ. ಇದು ಪರಿಚಯ ಪತ್ರವಲ್ಲ. ನಾಲ್ವರ ಒಟ್ಟು ಕರಾರಿಗೆ ಅವರು ಸಹಿ ಹಾಕಿದರೆ, ಪತ್ರದ ಒಕ್ಕಣೆಯನ್ನು ಅವಲಂಬಿಸಿ, ತಾವು ಮುಖವನ್ನೇ ನೋಡದ ಮೂವರು ಹುಡುಗಿಯರ ಬಾಡಿಗೆಗೂ ಅವರೇ ಹೊಣೆಯಾಗಬಹುದು. ಅವರಿಗೂ ಮನೆ ಸಾಲ, ಮಕ್ಕಳ ಶಾಲೆ ಇರುತ್ತದೆ. ಒಲ್ಲೆ ಎಂದರೆ ನೊಂದುಕೊಳ್ಳಬೇಡಿ. ಸ್ವಲ್ಪ ಹೆಚ್ಚು ಠೇವಣಿ ಕೊಡುತ್ತೇವೆ ಎಂದರೆ, ಇಲ್ಲವೇ ಕೊನೆಯ ಒಂದೆರಡು ತಿಂಗಳ ಬಾಡಿಗೆ ಮುಂಗಡವಾಗಿ ಕಟ್ಟಿದರೆ, ಎಷ್ಟೋ ಮಾಲೀಕರು ಜಾಮೀನು ಬಿಡುತ್ತಾರೆ. ಕಾಲೇಜು ಊರಿನ ಮಾಲೀಕರಿಗೆ ವಿದೇಶಿ ವಿದ್ಯಾರ್ಥಿಗಳು ಹೊಸಬರಲ್ಲ. 2023–24ರಲ್ಲಿ ಭಾರತದಿಂದಲೇ 3,31,602 ವಿದ್ಯಾರ್ಥಿಗಳು ಅಮೆರಿಕದಲ್ಲಿದ್ದರು. ವಿಶ್ವವಿದ್ಯಾಲಯದ ಹಾಸ್ಟೆಲ್ ಈ ಜಾಮೀನಿನ ಗೊಡವೆಗೇ ಹೋಗುವುದಿಲ್ಲ, ಅದೂ ನನ್ನ ಒಲವಿಗೆ ಒಂದು ಕಾರಣ.

ಠೇವಣಿ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನಂತಲ್ಲ, ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು. ಐದು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ, ಠೇವಣಿಯಿಂದ ರಿಪೇರಿಗೆ ಮುರಿದುಕೊಳ್ಳುವುದಾದರೆ ಮನೆ ಬಿಟ್ಟ 30 ದಿನದೊಳಗೆ ಯಾವುದಕ್ಕೆ ಎಷ್ಟು ಎಂದು ಪಟ್ಟಿ ಕೊಡಬೇಕು, ಇಲ್ಲವಾದರೆ 45 ದಿನದೊಳಗೆ ಪೂರ್ತಿ ಹಿಂದಿರುಗಿಸಬೇಕು ಎನ್ನುತ್ತದೆ ಇಲಿನಾಯ್ ಕಾನೂನು. ಕಾನೂನು ಕೆಲಸ ಮಾಡುವುದು ಸಾಕ್ಷಿ ಇದ್ದಾಗ. ಕೀಲಿ ಕೈಗೆ ಬಂದ ದಿನ, ಸಾಮಾನು ಬಿಚ್ಚುವ ಮೊದಲೇ, ಗೋಡೆ, ಕಾರ್ಪೆಟ್, ಒಲೆಯ ಒಳಭಾಗ, ಸಿಂಕಿನ ಕೆಳಗೆ, ಎಲ್ಲದರ ಫೋಟೊ ತೆಗೆದು ಮಾಲೀಕರ ಕಚೇರಿಗೆ ಇಮೇಲ್ ಮಾಡಲಿ. ದಿನಾಂಕ ಅದರಲ್ಲೇ ದಾಖಲಾಗುತ್ತದೆ.

ಚಳಿಗಾಲದ ಖರ್ಚನ್ನು ನಮ್ಮವರು ಯಾರೂ ಊಹಿಸುವುದಿಲ್ಲ, ನಾನೂ ಊಹಿಸಿರಲಿಲ್ಲ. ನನ್ನ ಮೊದಲ ವರ್ಷ ಬಾಡಿಗೆ ಕಡಿಮೆ ಎಂದು ನೆಲಮಾಳಿಗೆಯ ಕೋಣೆಯೊಂದನ್ನು ಹಿಡಿದಿದ್ದೆ. ಗೋಡೆಯ ಬುಡದಲ್ಲಿ ಉದ್ದಕ್ಕೂ ವಿದ್ಯುತ್ ಹೀಟರ್. ಜನವರಿಯ ಬಿಲ್ ಬಂದಾಗ ಅದು ಬಾಡಿಗೆಯ ಅರ್ಧದಷ್ಟಿತ್ತು. ಆ ಫೆಬ್ರುವರಿ ಪೂರ್ತಿ ನಾನು ಲೈಬ್ರರಿಯಲ್ಲಿ ಓದಿದ್ದು ಜ್ಞಾನದಾಹದಿಂದಲ್ಲ. ಶಾಂಪೇನ್ ಕಡೆ 2019ರ ಜನವರಿ ಕೊನೆಯಲ್ಲಿ ಉಷ್ಣಾಂಶ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿದಿತ್ತು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಮನೆ ಬಿಸಿಯಾಗುವುದು ಅನಿಲದಿಂದಲೋ ವಿದ್ಯುತ್ತಿನಿಂದಲೋ? ಬಿಲ್ ಯಾರದು? ಹಿಂದಿನ ಜನವರಿಯಲ್ಲಿ ಎಷ್ಟು ಬಂದಿತ್ತು? ಆಮೆರೆನ್ ಎಂಬುದು ಅಲ್ಲಿನ ವಿದ್ಯುತ್ ಮತ್ತು ಅನಿಲ ಸಂಸ್ಥೆ. ಬಾಡಿಗೆಯಲ್ಲಿ ಸೇರದಿದ್ದರೆ ಅದರ ಖಾತೆ ಯಾರಾದರೊಬ್ಬರ ಹೆಸರಿನಲ್ಲಿ ತೆರೆಯಬೇಕಾಗುತ್ತದೆ. ಆ ಒಬ್ಬಳು ನಿಮ್ಮ ಮಗಳಾದರೆ, ಉಳಿದವರ ಪಾಲು ತಿಂಗಳು ತಿಂಗಳೂ ವಸೂಲಿ ಮಾಡುವ ಕೆಲಸವೂ ಅವಳದೇ.

ದೂರವೂ ಹಾಗೆಯೇ, ಆಗಸ್ಟ್‌ನ ಎರಡು ಕಿಲೋಮೀಟರ್ ಜನವರಿಯ ಎರಡು ಕಿಲೋಮೀಟರ್ ಅಲ್ಲ. ಆ ಊರಿನ ಬಸ್ ವ್ಯವಸ್ಥೆ ಒಳ್ಳೆಯದು. ಶುಲ್ಕದಲ್ಲೇ ಹಣ ಸೇರಿರುವುದರಿಂದ ವಿದ್ಯಾರ್ಥಿಗಳು ಗುರುತಿನ ಚೀಟಿ ತೋರಿಸಿ ಟಿಕೆಟ್ ಇಲ್ಲದೆ ಓಡಾಡುತ್ತಾರೆ. ರಾತ್ರಿ ಮತ್ತು ಭಾನುವಾರ ಬಸ್ಸು ವಿರಳ, ಮನೆ ಆರಿಸುವಾಗ ಆ ಎರಡು ಹೊತ್ತಿನ ವೇಳಾಪಟ್ಟಿ ನೋಡಲಿ. ರಾತ್ರಿ ಒಂಟಿಯಾಗಿ ಹೋಗುವವರಿಗೆ ಸೇಫ್‌ರೈಡ್ಸ್ ಎಂಬ ವಾಹನ ಸೇವೆ ಇದೆ, ನಂಬರನ್ನು ಮೊದಲ ದಿನವೇ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಶಾಂಪೇನ್ ಕಡೆಯ ಗ್ರೀನ್ ಸ್ಟ್ರೀಟ್ ಅಂಗಡಿ, ಹೋಟೆಲ್‌ಗಳ ಬೀದಿ. ಅದರ ಮೇಲಿನ ಎತ್ತರದ ಹೊಸ ಕಟ್ಟಡಗಳು ನೋಡಲು ಚೆಂದ, ಬಾಡಿಗೆ ಜಾಸ್ತಿ, ಶುಕ್ರವಾರ ರಾತ್ರಿ ನಿದ್ದೆ ಕಡಿಮೆ.

ಇನ್ನು ಅಡುಗೆ. ಸಸ್ಯಾಹಾರ ಅಲ್ಲಿ ಸಮಸ್ಯೆಯೇ ಅಲ್ಲ. ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು, ತುರಿದು ಮಂಜುಗಟ್ಟಿಸಿದ ತೆಂಗಿನಕಾಯಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಸಮಸ್ಯೆ ಒಗ್ಗರಣೆಯದು. ಚಾವಣಿಯಲ್ಲಿ ಹೊಗೆ ಎಚ್ಚರಿಕೆ ಗಂಟೆ ಇರುತ್ತದೆ. ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದು ಘಾಟು ಎದ್ದರೆ ಅದು ಕೂಗಿಕೊಳ್ಳುತ್ತದೆ. ದೊಡ್ಡ ಹಾಸ್ಟೆಲ್‌ಗಳಲ್ಲಿ ಕೆಲವೊಮ್ಮೆ ಇಡೀ ಕಟ್ಟಡದವರು ಹಿಮದಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಕೆಲವು ಜಾಣರು ಗಂಟೆಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಅದು ಅಪಾಯ, ದಂಡಕ್ಕೂ ದಾರಿ. ಎಣ್ಣೆ ಮಂದ ಉರಿಯಲ್ಲಿ ಕಾಯಲಿ, ಸಾಸಿವೆ ಸಿಡಿಯುವಾಗ ಮುಚ್ಚಳ ಇರಲಿ, ಹೊಗೆ ಎಳೆಯುವ ಫ್ಯಾನ್ ಮೊದಲೇ ಹಾಕಿರಲಿ. ಹಾಸ್ಟೆಲ್ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚುವಂತಿಲ್ಲ. ದೀಪಾವಳಿಗೆ ಬ್ಯಾಟರಿ ಹಣತೆಯೇ ಗತಿ.

ಮಿಕ್ಸಿ ಇಲ್ಲಿಂದ ಹೊರಬೇಡಿ. ನಮ್ಮದು 230 ವೋಲ್ಟಿನ ಲೆಕ್ಕ, ಅಲ್ಲಿಯದು 120. ನಮ್ಮ ಮಿಕ್ಸಿ ಚಟ್ನಿ ರುಬ್ಬುವುದಿಲ್ಲ, ನರಳುತ್ತದೆ. 110 ವೋಲ್ಟಿಗೆ ಮಾಡಿದ ಭಾರತೀಯ ಮಿಕ್ಸಿಗಳೇ ಅಲ್ಲಿ ಸಿಗುತ್ತವೆ. ಮೂರು ಲೀಟರಿನ ಕುಕ್ಕರ್ ಕಳಿಸಿ, ತಳ ಚಪ್ಪಟೆಯಿರಲಿ, ಜೊತೆಗೆ ಎರಡು ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್. ಬಹಳಷ್ಟು ಮನೆಗಳಲ್ಲಿ ವಿದ್ಯುತ್ ಒಲೆ, ಗುಂಡುತಳದ ಬಾಣಲೆ ಅದರ ಮೇಲೆ ಬುಗುರಿಯಂತೆ ತಿರುಗುತ್ತದೆ. ಹಸಿ ಕರಿಬೇವು ಬೇಡವೇ ಬೇಡ: ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆಂದು ಭಾರತದಿಂದ ತರುವುದನ್ನು ನಿಷೇಧಿಸಿದ್ದಾರೆ. ಸಾರಿನ ಪುಡಿ, ಚಟ್ನಿಪುಡಿ ತೊಂದರೆಯಿಲ್ಲ, ಆದರೆ ಆಹಾರ ಪದಾರ್ಥ ಇದೆಯೇ ಎಂದು ಕಸ್ಟಮ್ಸಿನವರು ಕೇಳಿದಾಗ ಹೌದು ಎನ್ನಬೇಕು. ಇದ್ದದ್ದನ್ನು ಹೇಳಿದರೆ ಹೆಚ್ಚೆಂದರೆ ಎತ್ತಿಡುತ್ತಾರೆ, ಮುಚ್ಚಿಟ್ಟರೆ ದಂಡ.

ನೀವು ಕೇಳದ ಇನ್ನೊಂದು ವಿಷಯ, ಬಚ್ಚಲು. ಅಮೆರಿಕದ ಸ್ನಾನದ ಕೋಣೆಯ ನೆಲದಲ್ಲಿ ನೀರು ಹೋಗಲು ತೂತು ಇರುವುದಿಲ್ಲ. ತೊಟ್ಟಿಯೊಳಗೆ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಗೆ ಇಳಿಬಿಟ್ಟು ಸ್ನಾನ ಮಾಡಬೇಕು. ನಮ್ಮಂತೆ ಬಕೆಟ್ಟಿನಿಂದ ಸುರಿದುಕೊಂಡು ನೆಲ ತೊಳೆದರೆ ನೀರು ಕೆಳಗಿನ ಮನೆಯ ಚಾವಣಿಯಿಂದ ತೊಟ್ಟಿಕ್ಕುತ್ತದೆ, ಬಿಲ್ ಮೇಲಿನವರಿಗೆ ಬರುತ್ತದೆ. ಇಂಥದ್ದಕ್ಕೂ ಕಳ್ಳತನಕ್ಕೂ ಬಾಡಿಗೆದಾರರ ವಿಮೆ ಎಂದೊಂದಿದೆ. ದುಬಾರಿಯಲ್ಲ, ಹಲವು ಮಾಲೀಕರು ಕಡ್ಡಾಯವಾಗಿ ಕೇಳುತ್ತಾರೆ. ಮಾಡಿಸಲಿ.

ಜೊತೆಗಾರರ ಬಗ್ಗೆ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಪ್ರಶ್ನೆಯ ಹಿಂದೆ ಅದಿದೆ. ಕನ್ನಡದವರೇ ಬೇಕು, ನಮ್ಮವರೇ ಬೇಕು ಎಂದು ಹಟ ಹಿಡಿಯಬೇಡಿ. ನಾನು ಕಂಡ ಜಗಳಗಳಲ್ಲಿ ಭಾಷೆ, ಜಾತಿಯಿಂದ ಎದ್ದವು ಬೆರಳೆಣಿಕೆಯಷ್ಟು. ಮಿಕ್ಕವೆಲ್ಲ ತೊಳೆಯದ ಪಾತ್ರೆ, ರಾತ್ರಿ ಎರಡಕ್ಕೆ ಫೋನು, ಹೇಳದೆ ತಿಂಗಳುಗಟ್ಟಲೆ ಉಳಿದ ಅತಿಥಿ. ಮಾಂಸ ಬೇಯಿಸುವ ಪಾತ್ರೆ ಬೇರೆ ಇರಲಿ ಎಂಬುದನ್ನು ಮೊದಲ ದಿನವೇ ನಗುತ್ತಾ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಮೂರನೆಯ ತಿಂಗಳಲ್ಲಿ ಮುಖ ಊದಿಸಿಕೊಂಡು ಹೇಳಿದರೆ ತಿಳಿಯುತ್ತಾರೆ. ಹುಡುಗರೂ ಹುಡುಗಿಯರೂ ಸೇರಿ ಒಂದೇ ಮನೆ ಮಾಡುವುದು ಅಲ್ಲಿ ಸಹಜ, ನಮ್ಮ ಮಕ್ಕಳೂ ಮಾಡುತ್ತಾರೆ. ಬೇಡವೆನಿಸಿದರೆ ಹುಡುಗಿಯರ ಮನೆಯೇ ಬೇಕೆಂದು ಅವಳು ಕೇಳಬಹುದು. ಅದನ್ನು ತೀರ್ಮಾನಿಸುವವಳು ಅವಳು. ಇಲ್ಲದಿದ್ದರೆ ನಿಮಗೆ ಒಂದು ಹೇಳಿ ಅಲ್ಲಿ ಇನ್ನೊಂದು ಮಾಡುವ ಫಜೀತಿ.

ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಿದ್ದೇನೆಂದು ತಿಳಿಯಿರಿ. ‘ನಮ್ಮ ಮನೆಯಲ್ಲೇ ಇರಲಿ, ಬಾಡಿಗೆ ಬೇಡ, ಸಂಜೆ ಮಗುವನ್ನು ನೋಡಿಕೊಂಡು ಸ್ವಲ್ಪ ಅಡುಗೆ ಮಾಡಿದರೆ ಸಾಕು’ ಎಂದು ನಮ್ಮವರದೇ ಒಂದು ಕುಟುಂಬ ಪ್ರೀತಿಯಿಂದ ಕರೆಯಬಹುದು. ಒಪ್ಪಬಾರದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ಕ್ಯಾಂಪಸ್ಸಿನೊಳಗೆ ದುಡಿಯಬಹುದು; ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಕೆಲಸಕ್ಕೆ ಬದಲಾಗಿ ಸಿಗುವ ಕೋಣೆಯೂ ಸಂಬಳವೇ. ಬಾಡಿಗೆ ಕೊಟ್ಟು ಅವರ ಮನೆಯಲ್ಲಿರುವುದಾದರೆ ಅಡ್ಡಿಯಿಲ್ಲ, ಆಗಲೂ ಒಂದು ಪುಟದ ಕರಾರು ಇರಲಿ. ಎಲ್ಲೇ ಇರಲಿ, ಮನೆ ಬದಲಿಸಿದ 10 ದಿನದೊಳಗೆ ಹೊಸ ವಿಳಾಸವನ್ನು ವಿಶ್ವವಿದ್ಯಾಲಯದ ಮೂಲಕ ಸರ್ಕಾರಕ್ಕೆ ತಿಳಿಸಬೇಕು. ಮರೆತರೆ ವೀಸಾಕ್ಕೇ ಕುತ್ತು.

ಪ್ರಯಾಣದ ದಿನಾಂಕವನ್ನು ಕೋಣೆಯ ದಿನಾಂಕಕ್ಕೆ ಹೊಂದಿಸಿ ಟಿಕೆಟ್ ತೆಗೆಯಿರಿ. ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಆರಂಭದ ದಿನಕ್ಕಿಂತ 30 ದಿನಕ್ಕೂ ಮೊದಲು ಅಮೆರಿಕ ಪ್ರವೇಶಿಸುವಂತಿಲ್ಲ. ಆಗಸ್ಟ್‌ನಲ್ಲಿ ಹಳೆಯ ಕರಾರುಗಳು ಮುಗಿದು ಹೊಸವು ಶುರುವಾಗುವ ನಡುವೆ ಕೆಲವು ದಿನಗಳ ಅಂತರವಿರುತ್ತದೆ, ಆಗ ಅರ್ಧ ಊರೇ ಸೋಫಾ ಹೊತ್ತುಕೊಂಡು ಬೀದಿಯಲ್ಲಿರುತ್ತದೆ. ಬೀದಿ ಬದಿಗೆ ಬಿಟ್ಟುಹೋದ ಮೇಜು, ಕುರ್ಚಿ ಎತ್ತಿಕೊಳ್ಳಲಿ, ನಾನೂ ಎತ್ತಿಕೊಂಡಿದ್ದೇನೆ. ಹಾಸಿಗೆ ಮಾತ್ರ ಮುಟ್ಟಬಾರದು, ತಿಗಣೆ ಬಂದರೆ ವರ್ಷ ಪೂರ್ತಿ ಕಾಡುತ್ತದೆ. ಶಿಕಾಗೊದ ಓ’ಹೇರ್ ವಿಮಾನ ನಿಲ್ದಾಣದಿಂದ ಶಾಂಪೇನ್‌ಗೆ ನೇರ ಬಸ್ಸಿದೆ, ಶಿಕಾಗೊ ಯೂನಿಯನ್ ಸ್ಟೇಷನ್ನಿನಿಂದ ರೈಲೂ ಇದೆ. ಕೀಲಿ ಸಿಗುವುದು ಒಂದೆರಡು ದಿನ ತಡವಾದರೆ ಕ್ಯಾಂಪಸ್ಸಿನ ನಡುವೆ ಇಲಿನೈ ಯೂನಿಯನ್ ಕಟ್ಟಡದಲ್ಲೇ ಹೋಟೆಲ್ ಕೋಣೆಗಳಿವೆ.

ಕೊನೆಯದು, ನೀವು ಹೋಗಬೇಕೇ ಎಂಬುದು. ಮಗ ಓದಿದ ಈ ಊರಿಗೇ ಹೋಗಿ ಮನೆ ಮಾಡಿ ಕುಳಿತ ತಂದೆಯೊಬ್ಬರು ಇದ್ದರು. ರವೀಂದ್ರನಾಥ ಠಾಕೂರರ ಮಗ ರಥೀಂದ್ರನಾಥ ಇದೇ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಜ್ಞಾನ ಓದಿದ್ದರು. 1912ರ ಚಳಿಗಾಲದಲ್ಲಿ ಮಗ, ಸೊಸೆಯೊಡನೆ ಠಾಕೂರರು ಬಂದು ಅರ್ಬಾನಾದ ಹೈ ಸ್ಟ್ರೀಟ್‌ನ ಒಂದು ಮನೆಯಲ್ಲಿ ಕೆಲವು ತಿಂಗಳು ಇದ್ದರು. ನೊಬೆಲ್ ಬಂದದ್ದು ಮರುವರ್ಷ. ಅವರಿಗೆ ಶಿಕ್ಷಣ ಸಾಲದ ಕಂತು ಇರಲಿಲ್ಲ. ನಿಮಗಿದೆ. ಆಗಸ್ಟ್‌ನಲ್ಲಿ ಇಬ್ಬರ ವಿಮಾನದ ಖರ್ಚು, ಹೋಟೆಲಿನ ಖರ್ಚು ಸೇರಿದರೆ ಅವಳ ಕೆಲವು ತಿಂಗಳ ಬಾಡಿಗೆ. ಮೇಲಾಗಿ ಆ ಮೊದಲ ವಾರ ಅವಳಿಗೆ ಪರಿಚಯ ಸಭೆ, ಬ್ಯಾಂಕ್ ಖಾತೆ, ಪಾಠದ ನೋಂದಣಿ ಎಂದು ಉಸಿರಾಡಲು ಪುರುಸೊತ್ತಿರುವುದಿಲ್ಲ. ನೀವು ಹೋಟೆಲ್ ಕೋಣೆಯಲ್ಲಿ ಅವಳ ದಾರಿ ಕಾಯುತ್ತಾ ಕೂರಬೇಕಾಗುತ್ತದೆ. ಪದವಿ ಪ್ರದಾನಕ್ಕೆ ಹೋಗಿ. ಅದು ಮೇ ತಿಂಗಳಲ್ಲಿ ನಡೆಯುತ್ತದೆ, ಹಿಮ ಕರಗಿ ಊರು ಹಸಿರಾಗಿರುತ್ತದೆ. ಆ ವಾರ ಊರಿನ ಹೋಟೆಲ್‌ಗಳೆಲ್ಲ ತುಂಬಿರುತ್ತವೆ, ತಿಂಗಳುಗಟ್ಟಲೆ ಮುಂಚೆ ಕಾದಿರಿಸಲು ಅವಳಿಗೆ ಹೇಳಿಡಿ. ಅಲ್ಲಿಯವರೆಗೆ ಕಳಿಸಬೇಕಾದ ದುಡ್ಡನ್ನು ಅವಳ ಹೆಸರಿನ ಖಾತೆಗೇ ಕಳಿಸಿ, ಇನ್ನೊಬ್ಬರ ಖಾತೆಗೆ ಬೇಡ.